ಬಿಪಿಗೆ ಜೋಡಿ ಮಾತ್ರೆ ಕೊಟ್ಟಿದ್ದಾರಾ? ಹಳೆಯ ಸ್ಟ್ರಿಪ್ ಪಕ್ಕ ಇಟ್ಟು ನೋಡಿ
ಎರಡು ಔಷಧಿ ಸೇರಿರುವ ಬಿಪಿ ಮಾತ್ರೆ ಹೊಸದಾಗಿ ಬರೆದುಕೊಟ್ಟಿದ್ದರೆ, ಮೊದಲನೆಯದನ್ನು ನುಂಗುವ ಮುಂಚೆ ಹೊಸ ಸ್ಟ್ರಿಪ್ಪನ್ನೂ ಹಳೆಯ ಸ್ಟ್ರಿಪ್ಪುಗಳನ್ನೂ ಮಗುಚಿ ಪಕ್ಕಪಕ್ಕ ಇಡಿ. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಸಣ್ಣಕ್ಷರದಲ್ಲಿರುವ ಔಷಧಿ ಹೆಸರು ಓದಿ. ಹೊಸದರಲ್ಲಿ ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಆಮ್ಲೋಡಿಪಿನ್ 5 ಮಿ.ಗ್ರಾಂ’ ಅಂತಿದ್ದು, ಹಳೆಯದರಲ್ಲೂ ಆಮ್ಲೋಡಿಪಿನ್ ಇದ್ದರೆ ಎರಡನ್ನೂ ಒಟ್ಟಿಗೆ ತಗೊಳ್ಳಬೇಡಿ. ಯಾವುದನ್ನು ಮುಂದುವರಿಸಬೇಕು ಅಂತ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಬ್ರ್ಯಾಂಡ್ ಬೇರೆ ಆದರೂ ಒಳಗಿನ ಔಷಧಿ ಒಂದೇ ಇರಬಹುದು, ಅಲ್ವಾ? ಗೊತ್ತಿಲ್ಲದೆ ಡೋಸ್ ದುಪ್ಪಟ್ಟಾದರೆ ಬಿಪಿ ಜಾಸ್ತಿ ಇಳಿದು, ಎದ್ದು ನಿಂತಾಗ ತಲೆ ಸುತ್ತಬಹುದು, ಪಾದವೂ ಊದಿಕೊಳ್ಳಬಹುದು. ವಯಸ್ಸಾದವರು ಬಿದ್ದರೆ ಎಷ್ಟು ಕಷ್ಟ ನೋಡಿ. ಇನ್ನೊಂದು, ಮಾತ್ರೆಯನ್ನು ಹೆಸರಿಲ್ಲದ ತುದಿಯಿಂದ ಬಿಡಿಸುತ್ತಾ ಬನ್ನಿ, ಆಗ ಹೆಸರು ಕೊನೇವರೆಗೂ ಉಳಿಯುತ್ತದೆ. ಆದರೆ ಹೆಸರು ಹೋಲಿಸಿದರೆ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಟೆಲ್ಮಿಸಾರ್ಟನ್, ಲೊಸಾರ್ಟನ್ ಹೆಸರು ಬೇರೆ, ಕೆಲಸ ಒಂದೇ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬಿಪಿ ಏರಿಸಬಹುದು, ಈ ‘ಸಾರ್ಟನ್’ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು ಬೀಳಬಹುದು. ಈ ಮಾತ್ರೆಗಳ ಜೊತೆ ಪೊಟ್ಯಾಸಿಯಂ ಇರುವ ‘ಕಡಿಮೆ ಸೋಡಿಯಂ’ ಉಪ್ಪು ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಗರ್ಭಿಣಿಯರಿಗಂತೂ ಇಂಥ ‘ಸಾರ್ಟನ್’ ಮಾತ್ರೆ ಕೂಡದು. ಇವನ್ನೆಲ್ಲ ಸ್ಟ್ರಿಪ್ ನೋಡಿ ಸುಮ್ನೆ ನಾವೇ ತೀರ್ಮಾನಿಸಲು ಆಗಲ್ಲ, ನೋವಿನ ಮಾತ್ರೆ ಸೇರಿಸಿ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೇ ತೋರಿಸಿ.