ಆಷಾಢದಲ್ಲಿ ನೋಡಿ ಶ್ರಾವಣದಲ್ಲಿ ತಂದ ಕಾರು

ಅಮ್ಮನ ಮಂಡಿ ನೋವು ಜಾಸ್ತಿಯಾದ ಮೇಲೆ ನಮ್ಮನೆಯಲ್ಲಿ ಕಾರಿನ ಮಾತು ಶುರುವಾಯಿತು. ನಾನಿರುವುದು ಮೈಸೂರಿನಲ್ಲಿ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಅಪ್ಪ ಅಮ್ಮ ಇರುವುದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ. ಅಮ್ಮ ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಬರಬೇಕು, ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ನನ್ನ ಕೈಯಲ್ಲಿ ಮೂರು ಲಕ್ಷ ಇತ್ತು. ಅದಕ್ಕೆ ಹೊಸ ಕಾರು ಬರುವುದಿಲ್ಲ, ಸಾಲ ಅಂದರೆ ಅಪ್ಪ ಎದ್ದು ಹೋಗುತ್ತಾನೆ. ಸರಿ, ಸೆಕೆಂಡ್ ಹ್ಯಾಂಡ್ ಎಂದಾಯಿತು.

ಹುಡುಕಲು ಹೊರಟಿದ್ದು 2025ರ ಆಷಾಢದಲ್ಲಿ. ಅಪ್ಪನ ಮೊದಲ ತಕರಾರೇ ಅದು.

"ಆಸಾಡದಲ್ಲಿ ಯಾರಾರ ಮನೆಗೆ ಗಾಡಿ ತತ್ತಾರೇನವ್ವ?"

"ತರೋದು ಬೇಡ ಅಪ್ಪ, ಸುಮ್ನೆ ನೋಡ್ಕೊಂಡು ಬರೋಣ" ಅಂದೆ.

ನನ್ನ ಲೆಕ್ಕ ಬೇರೆ ಇತ್ತು. ನಮ್ಮ ಕಡೆ ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆ. ಮಾರುವವರ ಹತ್ತಿರ ಟೈಮ್ ಇರುತ್ತದೆ, ರೇಟಿನಲ್ಲೂ ಸ್ವಲ್ಪ ಮೆತ್ತಗಿರುತ್ತಾರೆ. ಆಮೇಲೆ ನೋಡಿದರೆ ಆ ಒಂದು ತಿಂಗಳ ಕಾಯುವಿಕೆ ಇನ್ನೊಂದು ಕೆಲಸಕ್ಕೂ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಫೋನಿನಲ್ಲೇ ಒಂದಷ್ಟು ಜರಡಿ ಹಿಡಿದೆ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಟೆಸ್ಟ್ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 2011ರ ಸ್ಯಾಂಟ್ರೋ ಒಂದು 1,40,000ಕ್ಕೆ ಸಿಗುತ್ತಿತ್ತು. ಕಡಿಮೆ ರೇಟು ಅಂತ ಆಸೆಯಾಯಿತು, ಆದರೆ 2026ಕ್ಕೇ ಅದರ ಹದಿನೈದು ವರ್ಷ ತುಂಬುತ್ತಿತ್ತು. ಬಿಟ್ಟೆ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅನ್ನುವುದೆಲ್ಲ ಗೊತ್ತಾಗುತ್ತದೆ. "ಸಿಂಗಲ್ ಓನರ್ ಮೇಡಂ" ಅಂದಿದ್ದ ಒಂದು ಗಾಡಿ ದಾಖಲೆಯಲ್ಲಿ ಮೂರನೇ ಓನರ್ ಹೆಸರಲ್ಲಿತ್ತು.

ನೋಡಲು ಹೋದ ಮೊದಲ ಕಾರು ಮೈಸೂರಿನ ಒಬ್ಬ ಡೀಲರ್ ಹತ್ತಿರ ಇತ್ತು. ಬಿಳಿ ಸ್ವಿಫ್ಟ್, ಫಳಫಳ ಹೊಳೆಯುತ್ತಿತ್ತು. ಮೀಟರಿನಲ್ಲಿ 46,000 ಕಿಲೋಮೀಟರ್. ಡೀಲರ್ ಪೂರ್ತಿ ಅಪ್ಪನ ಜೊತೆಗೇ ಮಾತಾಡಿದ. "ಯಜಮಾನ್ರೇ, ಡಾಕ್ಟ್ರು ಓಡಿಸಿದ ಗಾಡಿ." ದುಡ್ಡು ಕೊಡುವವಳು ನಾನು ಅಂತ ಎರಡು ಸಲ ಹೇಳಿದೆ. ಅವನ ಕಿವಿಗೆ ಹೋಗಲಿಲ್ಲ.

ಅಪ್ಪ ಅವನ ಮಾತಿಗೆ ಹೂಂ ಹೂಂ ಅನ್ನುತ್ತಲೇ ಬಾನೆಟ್ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲಿಲ್ಲ.

"ಬೆಚ್ಚಗದೆ ಕಣವ್ವ. ನಾವು ಬರೋಕ್ ಮುಂಚೆನೇ ಸ್ಟಾರ್ಟ್ ಮಾಡವ್ರೆ."

ಇದು ನನಗೆ ಗೊತ್ತಿರಲಿಲ್ಲ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ನಿಜ ಬಣ್ಣ ಕಾಣುವುದು. ಬ್ಯಾಟರಿ ಎಳೆದಾಡುತ್ತದೋ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೋ, ಒಳಗೆ ಟಕಟಕ ಅನ್ನುತ್ತದೋ. ಒಂದು ಸಲ ಬಿಸಿ ಮಾಡಿಟ್ಟರೆ ಎಷ್ಟೋ ಹುಳುಕು ಮುಚ್ಚಿಹೋಗುತ್ತದೆ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ.

ಬಾನೆಟ್ ತೆಗೆಸಿದ. ಹೊರಗೆಲ್ಲ ಪಾಲಿಶ್, ಒಳಗೆ ಮಾತ್ರ ಧೂಳು. ಹೆಗಲ ಮೇಲಿನ ಟವೆಲಿನ ತುದಿಯಿಂದ ಅಪ್ಪ ಒಂದು ಮೂಲೆ ಒರೆಸಿದ. ಅಲ್ಲೊಂದು ಸಣ್ಣ ಸ್ಟಿಕ್ಕರ್. ಯಾವುದೋ ಗ್ಯಾರೇಜಿನವರು ಬಾಲ್ ಪೆನ್ನಿನಲ್ಲಿ ಬರೆದಿದ್ದರು: ಮುಂದಿನ ಆಯಿಲ್ ಚೇಂಜ್ 91,000. ಅಪ್ಪ ಏನೂ ಹೇಳಲಿಲ್ಲ. ನನ್ನ ಮುಖ ನೋಡಿದ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಮೀಟರ್ ತಿರುಗಿಸಿದವರು ಸ್ಟಿಕ್ಕರ್ ಕೀಳುವುದನ್ನು ಮರೆತಿದ್ದರು. "ಟೀ ಕುಡ್ಕೊಂಡು ಬತ್ತೀವಿ" ಅಂತ ಹೊರಟವರು ಆ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ನಾಲ್ಕು ಕಾರು ನೋಡಿದೆವು. ಅದರಲ್ಲಿ ಎರಡನ್ನು ಬೇಡ ಅಂದಿದ್ದು ಅಮ್ಮ. ಅವಳ ಪರೀಕ್ಷೆ ಒಂದೇ, ಹತ್ತಿ ಕೂತು ಇಳಿಯುವುದು. ಆಲ್ಟೋದಲ್ಲಿ ಕೂತಳು. "ಕೂರೋಕಾಯ್ತದೆ, ಏಳೋಕಾಗಲ್ಲ" ಅಂದಳು. ಸೀಟು ತಗ್ಗಾದಷ್ಟೂ ಮಂಡಿ ಮಡಚಬೇಕು, ಏಳುವಾಗ ಅಷ್ಟೂ ಭಾರ ಅದರ ಮೇಲೇ. ವ್ಯಾಗನ್ಆರ್ ಎತ್ತರ, ಸೀಟು ಸೊಂಟದ ಮಟ್ಟಕ್ಕೆ ಬರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಕರೆದುಕೊಂಡು ಹೋಗದೆ ಕಾರು ನೋಡಬೇಡಿ. ನನ್ನ ಎರಡು ಭಾನುವಾರ ಹಾಗೇ ದಂಡವಾದವು.

ಕೊನೆಗೆ ಕುವೆಂಪುನಗರದಲ್ಲಿ ಒಬ್ಬರು ರಿಟೈರ್ಡ್ ಅಂಕಲ್ ಹತ್ತಿರ 2015ರ ವ್ಯಾಗನ್ಆರ್ ಇದೆ ಅಂತ ಆಫೀಸಿನ ಗೆಳತಿ ಹೇಳಿದಳು. 58,000 ಓಡಿತ್ತು, ಸರ್ವಿಸ್ ಬಿಲ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದರು. ಹೇಳಿದ ರೇಟು 3,15,000. "ದಯವಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಬೇಡಿ ಅಂಕಲ್" ಅಂತ ಹಿಂದಿನ ದಿನವೇ ಫೋನ್ ಮಾಡಿದ್ದೆ. ಅಪ್ಪ ಅಂಗೈ ಇಟ್ಟ. ತಣ್ಣಗಿತ್ತು.

ಟೆಸ್ಟ್ ಡ್ರೈವ್‌ಗೆ ನಾನು ಬಡಾವಣೆಯಲ್ಲೇ ಒಂದು ಸುತ್ತು ಸಾಕು ಅಂದುಕೊಂಡಿದ್ದೆ. ಅಪ್ಪ ಮೂವತ್ತು ವರ್ಷ ಕಬ್ಬಿನ ಟ್ರೇಲರ್ ಎಳೆದ ಟ್ರ್ಯಾಕ್ಟರ್ ಡ್ರೈವರ್.

"ಖಾಲಿ ಟ್ರೇಲರ್‌ನ ಯಾವ್ ಟ್ರ್ಯಾಕ್ಟರಾದ್ರೂ ಎಳೀತದೆ. ಬೆಟ್ಟಕ್ಕೆ ಹೋಗವ. ಎಲ್ರೂ ಹತ್ರಿ."

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ಶನಿವಾರ ಭಾನುವಾರ ಜನಜಾತ್ರೆ. ನಾವು ಹೋಗಿದ್ದು ಬುಧವಾರ, ನಾನು ರಜೆ ಹಾಕಿದ್ದೆ. ಸ್ಟೀರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಅಪ್ಪ. ಹಿಂದೆ ಅಮ್ಮ, ಚಿಕ್ಕಮ್ಮ, ಇಬ್ಬರ ನಡುವೆ ಇರುಕಿಕೊಂಡ ಅಂಕಲ್. ಎಸಿ ಫುಲ್. ಪಾಪ, ಅವರ ಕಾರಿನಲ್ಲೇ ಅವರಿಗೆ ಕೂರಲು ಜಾಗ ಇರಲಿಲ್ಲ.

ಅರ್ಧ ಬೆಟ್ಟ ಚೆನ್ನಾಗಿಯೇ ಹತ್ತಿತು. ಒಂದು ಏರಿನಲ್ಲಿ ಅಪ್ಪ "ಎಡಕ್ಕೆ ನಿಲ್ಸು" ಅಂದ. ಹ್ಯಾಂಡ್ ಬ್ರೇಕ್ ಎಳೆದೆ, ಗಾಡಿ ಜಾರಲಿಲ್ಲ. "ಈಗ ಎತ್ತು" ಅಂದ. ಎತ್ತಿದೆ. ಇಂಜಿನ್ ಜೋರಾಗಿ ಕೂಗಿತು, ಕಾರು ಮಾತ್ರ ಮನಸ್ಸಿಲ್ಲದ ಹಾಗೆ ಮುಂದೆ ಸರಿಯಿತು. ಒಂದು ನಿಮಿಷಕ್ಕೆ ಸುಟ್ಟ ವಾಸನೆ.

"ಕ್ಲಚ್ ಪ್ಲೇಟ್ ಹೋಗದೆ" ಅಂತ ಅಪ್ಪ ಹಿಂದೆ ತಿರುಗಿ ಅಂಕಲ್‌ಗೆ ಹೇಳಿದ, ಮಳೆ ಬರ್ತಾದೆ ಅನ್ನುವ ಹಾಗೆ. ಅವರ ಮುಖ ಚಿಕ್ಕದಾಯಿತು. "ನಾನು ಸಿಟಿಯಲ್ಲೇ ಒಬ್ಬನೇ ಓಡಿಸೋದು ಸಾರ್, ಗೊತ್ತೇ ಆಗಿರಲಿಲ್ಲ" ಅಂದರು. ಸುಳ್ಳು ಅನ್ನಿಸಲಿಲ್ಲ.

ನಾನಂತೂ ಮನಸ್ಸಿನಲ್ಲೇ ಈ ಕಾರನ್ನು ಬಿಟ್ಟಾಗಿತ್ತು. ಅಪ್ಪ ಮೇಲೆ ಹೋದ ಮೇಲೆ ಬಾನೆಟ್ ತೆಗೆಸಿದ. ಐದು ಜನ, ಎಸಿ, ಏರು, ಇಷ್ಟಾದರೂ ಇಂಜಿನ್ ಬಿಸಿ ಏರಿರಲಿಲ್ಲ, ಎಲ್ಲೂ ಸೋರಿಕೆ ಇಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

"ಹಳೇ ಗಾಡಿ ಅಂದ್ಮೇಲೆ ಏನಾರ ಒಂದು ಇದ್ದೇ ಇರ್ತದೆ. ಏನು ಅಂತ ಗೊತ್ತಾಯ್ತಲ್ಲ, ಇದೇ ವಾಸಿ. ತಗೊ."

ಆ ಸ್ವಿಫ್ಟ್‌ನಲ್ಲಿ ನಮಗೆ ಕಾಣಿಸಿದ್ದು ಒಂದು ಸ್ಟಿಕ್ಕರ್. ಕಾಣಿಸದೆ ಇದ್ದಿದ್ದು ಇನ್ನೆಷ್ಟೋ. ಇದರಲ್ಲಿ ಹಾಗಲ್ಲ. ಮರುದಿನ ಬನ್ನಿಮಂಟಪದ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆವು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಕಂಪನಿಯದ್ದೇನಾ ಅಂತ ನೋಡಿದರು. ದೊಡ್ಡ ಆ್ಯಕ್ಸಿಡೆಂಟ್ ಆಗಿಲ್ಲ ಅಂದರು. ಕ್ಲಚ್ ಸೆಟ್ಟಿಗೆ ಕೂಲಿ ಸೇರಿ 8,500. ಹಿಂದಿನ ಎರಡು ಟೈರಿನ ಮೇಲೆ 2217 ಅಂತ ಇತ್ತು, ಅಂದರೆ 2017ರ 22ನೇ ವಾರ ತಯಾರಾದದ್ದು. ಗೀಟು ಇದ್ದರೂ ಎಂಟು ವರ್ಷ ಹಳೇ ರಬ್ಬರ್, ಬದಲಾಯಿಸಲೇಬೇಕು.

ಚೌಕಾಸಿ ಅಂತ ಏನೂ ದೊಡ್ಡದು ನಡೆಯಲಿಲ್ಲ. ಈ ಲೆಕ್ಕವನ್ನೇ ಚೀಟಿಯಲ್ಲಿ ಬರೆದು ಮುಂದಿಟ್ಟೆ. 2,90,000ಕ್ಕೆ ಮುಗಿಯಿತು.

ತಲೆನೋವು ಬಂದಿದ್ದು ಕಾಗದದಲ್ಲಿ. ಅಂಕಲ್ ಕಾರಿನ ಸಾಲ ತೀರಿಸಿ ವರ್ಷಗಳಾಗಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಇದನ್ನು ಎಚ್‌ಪಿ ಅನ್ನುತ್ತಾರೆ, ಹೈಪಾಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಅನ್ನುವ ನಮೂದು. ಬ್ಯಾಂಕಿನಿಂದ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನುವ ಪತ್ರ), ಅಡವು ತೆಗೆಸುವ ಫಾರಂ 35 ತಂದು ಆರ್‌ಟಿಒದಲ್ಲಿ ಕೊಟ್ಟು ಅದನ್ನು ತೆಗೆಸಬೇಕು. ಅದು ಹೋಗದೆ ಪೂರ್ತಿ ದುಡ್ಡು ಕೊಡುವುದಿಲ್ಲ ಅಂದೆ. 10,000 ಮಾತ್ರ ಟೋಕನ್, ಅದೂ ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಅಂಕಲ್ ಓಡಾಡಿ ಎಚ್‌ಪಿ ತೆಗೆಸುವಷ್ಟರಲ್ಲಿ ಮೂರು ವಾರ. ಅಷ್ಟರಲ್ಲಿ ಆಷಾಢವೂ ಮುಗಿದಿತ್ತು. ಅಪ್ಪನಿಗೆ ನೆಮ್ಮದಿ, ನನಗೂ.

ಗಾಡಿ ಹೆಸರು ಬದಲಾಯಿಸಲು ಬೇಕಾದ ಫಾರಂ 29 ಎರಡು ಪ್ರತಿ, ಫಾರಂ 30, ಎಲ್ಲದಕ್ಕೂ ನನ್ನ ಮುಂದೆಯೇ ಸಹಿ ಹಾಕಿಸಿದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ ಟೈಮ್. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆದೆವು. ಬೆಳಿಗ್ಗೆ ಅವರು ಸಿಗ್ನಲ್ ಜಂಪ್ ಮಾಡಿದ್ದರೆ ದಂಡ ನನ್ನ ತಲೆಗೆ ಬರಬಾರದಲ್ವಾ. ಇನ್ಶೂರೆನ್ಸನ್ನೂ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ಅಂಕಲ್‌ಗಿದ್ದ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬರುವುದಿಲ್ಲ, ಅದು ಅವರಿಗೇ ಸೇರಿದ್ದು. ಹಾಗಾಗಿ ಉಳಿದ ತಿಂಗಳುಗಳಿಗೆ ವ್ಯತ್ಯಾಸದ ದುಡ್ಡು ನಾನೇ ಕಟ್ಟಿದೆ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಶ್ರಾವಣದಲ್ಲಿ ಹೊಸ ಕ್ಲಚ್ ಹಾಕಿಸಿ ಪೂಜೆಗೆ ಮತ್ತೆ ಅದೇ ಬೆಟ್ಟಕ್ಕೆ ಹೋದೆವು. ಅದೇ ಏರು ಬಂದಾಗ ಅಪ್ಪ ಮತ್ತೆ "ನಿಲ್ಸು, ಎತ್ತು" ಅಂದ. ಸಲೀಸಾಗಿ ಎತ್ತಿತು. ಆಮೇಲೇ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು.

ಅಲ್ಲಿಂದ ಇಳಿದು ಎಕ್ಸ್‌ಪ್ರೆಸ್‌ವೇ ಹಿಡಿದು ಊರಿಗೆ ಹೊರಟೆವು. ಗಣಂಗೂರು ಟೋಲ್ ಗೇಟ್ ತಾನಾಗೇ ತೆರೆದುಕೊಂಡಿತು, ನಾನು ಆರಾಮಾಗಿ ದಾಟಿದೆ. ಐದು ನಿಮಿಷಕ್ಕೆ ಅಂಕಲ್ ಫೋನ್.

"ಏನಮ್ಮಾ, ಮಂಡ್ಯಕ್ಕೆ ಹೊರಟ್ರಾ? ನಂಗೆ ಮೆಸೇಜ್ ಬಂತು."

ಗಾಜಿನ ಮೇಲೆ ಅವರ ಫಾಸ್ಟ್ಯಾಗ್ ಹಾಗೇ ಇತ್ತು. ಇಷ್ಟೆಲ್ಲ ಕಾಗದ ನೋಡಿದವಳು ಅದೊಂದನ್ನು ಮರೆತಿದ್ದೆ. ಕ್ಷಮೆ ಕೇಳಿ ಅವರ ದುಡ್ಡು ಕಳಿಸಿದೆ, ಟ್ಯಾಗ್ ಕ್ಲೋಸ್ ಮಾಡಿಸಲು ಹೇಳಿದೆ. ಸುಮ್ಮನೆ ಕೇಳುತ್ತಿದ್ದ ಅಪ್ಪ ಕಿಟಕಿ ಕಡೆ ನೋಡುತ್ತಾ ಅಂದ, "ವಾಪಸ್ ಹೋಗುವಾಗ ಸರ್ವಿಸ್ ರೋಡಲ್ಲೇ ಹೋಗವ್ವ, ಯಾರ್ ದುಡ್ಡೂ ಕಟ್ಟಾಗಲ್ಲ."