ನೆಲವನ್ನು ಬರೀ ವೇದಿಕೆಯಾಗಿಸದೆ ಸಮಾಜದ ಬಗ್ಗೆ ಬರೆಯುವುದು: ನನ್ನ ಅನುಭವ

ಭೂಕಂಪ, ಜ್ವಾಲಾಮುಖಿ, ನೆಲಕುಸಿತಗಳ ಬಗ್ಗೆ ಸಮಾಜಶಾಸ್ತ್ರದ ಕಡೆಯಿಂದ ಬರೆಯಲು ಕೂತರೆ ಮೊದಲ ಅಡ್ಡಿ ನಮ್ಮ ಶಾಸ್ತ್ರದೊಳಗೇ ಎದುರಾಗುತ್ತದೆ. ಸಾಮಾಜಿಕ ಸಂಗತಿಯ ಕಾರಣವನ್ನು ಅದಕ್ಕಿಂತ ಹಿಂದಿನ ಸಾಮಾಜಿಕ ಸಂಗತಿಗಳಲ್ಲೇ ಹುಡುಕಬೇಕೆಂದು ಎಮಿಲ್ ಡರ್ಕೈಮ್ 1895ರಲ್ಲಿ ನಿಯಮ ಹಾಕಿಕೊಟ್ಟರು. ಒಂದು ನಾಡಿನ ಬಡತನವನ್ನು ಅಲ್ಲಿನ ಹವೆಯ ಮೇಲೆ ಹೊರಿಸುವಂಥ ವಾದಗಳನ್ನು ಹಿಮ್ಮೆಟ್ಟಿಸಲು ಈ ನಿಯಮ ಬೇಕು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದೊಂದನ್ನೇ ನೆಚ್ಚಿದರೆ ನೆಲ ಬರೀ ವೇದಿಕೆಯಾಗುತ್ತದೆ. ಅದರ ಮೇಲೆ ಮನುಷ್ಯರ ನಾಟಕ ಮಾತ್ರ ಕಾಣುತ್ತದೆ.

ಇನ್ನೊಂದು ಪರಂಪರೆ 1755ರ ಲಿಸ್ಬನ್ ಭೂಕಂಪದಿಂದ ಶುರುವಾಗುತ್ತದೆ. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಪ್ರಕೃತಿಯೇನೂ ಅಲ್ಲಿ ಒತ್ತೊತ್ತಾಗಿ ಕಟ್ಟಿರಲಿಲ್ಲ ಎಂದು ಚಿಂತಕ ರೂಸೋ ಮರುವರ್ಷ ಲೇಖಕ ವೋಲ್ಟೇರ್‌ಗೆ ಬರೆದರು. ಅದೇ 1756ರಲ್ಲಿ ಯುವ ತತ್ವಜ್ಞಾನಿ ಕಾಂಟ್ ಭೂಕಂಪದ ಭೌತಿಕ ಕಾರಣಗಳನ್ನು ಹುಡುಕುತ್ತ ಮೂರು ಲೇಖನಗಳನ್ನು ಪ್ರಕಟಿಸಿದರು. ಇಂದಿಗೂ ನಮ್ಮಲ್ಲಿ ಬಹುಪಾಲು ಜನ ರೂಸೋ ಹಿಡಿದ ದಾರಿಯಲ್ಲೇ ಇದ್ದಾರೆ. 1976ರಲ್ಲಿ ಗ್ವಾಟೆಮಾಲಾದಲ್ಲಿ ಬಡವರ ಮಣ್ಣಿಟ್ಟಿಗೆಯ ಮನೆಗಳು ಕುಸಿದು ಸುಮಾರು 23 ಸಾವಿರ ಜನ ಸತ್ತ ಮೇಲಂತೂ ‘ವಿಕೋಪ ನೈಸರ್ಗಿಕವಲ್ಲ’ ಎಂಬ ಮಾತು ಗಟ್ಟಿಯಾಗಿ ನೆಲೆಯೂರಿತು. ಮಾತು ನಿಜ. ಆದರೆ ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪ್ರತಿ ಪ್ರಕರಣದಲ್ಲೂ ಅಳೆದೇ ಹೇಳಬೇಕು. ಕೆಳಗೆ ಬರೆದಿರುವುದು ಆ ಅಳತೆಗೆ ನಾನು ಅನುಸರಿಸುವ ಕ್ರಮ.

ಪತ್ರಿಕೆಗಳ ಕಡತ, ಸರ್ಕಾರಿ ವರದಿ, ಸಂದರ್ಶನಗಳನ್ನು ತೆರೆಯುವ ಮುನ್ನ ಭೂವಿಜ್ಞಾನದ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಯಾವ ಬಗೆಯ ಸ್ತರಭಂಗ (ನೆಲದಡಿಯ ಬಂಡೆಗಳ ಬಿರುಕು) ಜಾರಿತು, ಎಷ್ಟು ಆಳದಲ್ಲಿ, ಜನವಸತಿಯಿಂದ ಎಷ್ಟು ದೂರದಲ್ಲಿ, ವಸತಿಯ ಕೆಳಗಿನ ಮಣ್ಣು ಎಂಥದು. ಇವುಗಳ ಜೊತೆಗೆ ಕಡೇಪಕ್ಷ ಎರಡು ಕೇಂದ್ರಗಳ ಅಲುಗಾಟದ ದಾಖಲೆ ಬೇಕು: ಒಂದು ಗಟ್ಟಿ ಬಂಡೆಯ ಮೇಲಿನದು, ಇನ್ನೊಂದು ಮೆತ್ತನೆಯ ನೆಲದ್ದು. ಮ್ಯಾಗ್ನಿಟ್ಯೂಡ್, ಅಂದರೆ ಕಂಪನದ ಒಟ್ಟು ಗಾತ್ರ, ಅದೊಂದನ್ನೇ ಹಿಡಿದು ಬರೆದರೆ ವಾದ ಮುಗ್ಗರಿಸುವುದು ಖಚಿತ. ಒಂದು ಕಂಪನಕ್ಕೆ ಮ್ಯಾಗ್ನಿಟ್ಯೂಡ್ ಒಂದೇ ಸಂಖ್ಯೆ. ಇಂಟೆನ್ಸಿಟಿ, ಅಂದರೆ ಆಯಾ ಜಾಗದ ಅಲುಗಾಟ, ಓಣಿಯಿಂದ ಓಣಿಗೆ ಬೇರೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆಯನ್ನೇ ನೋಡಿ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0, ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8. ಮ್ಯಾಗ್ನಿಟ್ಯೂಡ್ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಹಾಗಾಗಿ ಚಿಲಿಯದ್ದು ಸುಮಾರು 500 ಪಟ್ಟು ದೊಡ್ಡದು. ಅಲ್ಲಿ ಸತ್ತವರು ಐನೂರು ಚಿಲ್ಲರೆ, ಹೈಟಿಯಲ್ಲಿ ಲಕ್ಷಕ್ಕೂ ಹೆಚ್ಚು. ಇಡೀ ವ್ಯತ್ಯಾಸ ಬಡತನದ್ದೇ ಎಂದು ಬರೆದು ಮುಗಿಸುವುದು ಸುಲಭ. ಆದರೆ ಹೈಟಿಯ ಬಿರುಕು ನೆಲದಡಿ ಹದಿಮೂರು ಕಿ.ಮೀ. ಆಸುಪಾಸಿನಲ್ಲಿ, ರಾಜಧಾನಿಯಿಂದ ಬರೀ 25 ಕಿ.ಮೀ. ದೂರದಲ್ಲಿತ್ತು, ಚಿಲಿಯದ್ದು ಕಡಲ ಕರೆಯಾಚೆ, ಇನ್ನೂ ಆಳದಲ್ಲಿತ್ತು. ಹೋಲಿಸಬೇಕಾದದ್ದು ಬಿಡುಗಡೆಯಾದ ಒಟ್ಟು ಶಕ್ತಿಯನ್ನಲ್ಲ, ಜನ ಮಲಗಿ ಏಳುವ ಜಾಗದ ಅಲುಗಾಟವನ್ನು. ಅಷ್ಟನ್ನು ಕಳೆದ ಮೇಲೂ ಹೈಟಿಯ ಕಾಂಕ್ರೀಟಿನ ಗುಣಮಟ್ಟ, ಜಾರಿಯಲ್ಲೇ ಇರದ ಕಟ್ಟಡ ನಿಯಮ, ಸಾಲದಿಂದ ಬಡವಾದ ಸರ್ಕಾರ ಇವೆಲ್ಲದರ ಭಾರ ಬೆಟ್ಟದಷ್ಟು ಉಳಿಯುತ್ತದೆ. ಅಳೆದು ಉಳಿಸಿಕೊಂಡದ್ದರಿಂದಲೇ ಆ ಭಾರವನ್ನು ಯಾರೂ ಅಲ್ಲಗಳೆಯಲಾರರು.

ಕ್ರಮವನ್ನು ಪೂರ್ತಿಯಾಗಿ ತೋರಿಸಲು ನಾನು ಆರಿಸಿಕೊಳ್ಳುವ ಪ್ರಕರಣ ಮೆಕ್ಸಿಕೊ ನಗರದ್ದು. 1985ರ ಸೆಪ್ಟೆಂಬರ್ 19ರ ಬೆಳಗ್ಗೆ ಕಂಪನ ಹುಟ್ಟಿದ್ದು ಪೆಸಿಫಿಕ್ ಕರಾವಳಿಯಲ್ಲಿ, ನಗರದಿಂದ 350 ಕಿ.ಮೀ.ಗೂ ಆಚೆ, ಮ್ಯಾಗ್ನಿಟ್ಯೂಡ್ 8.0. ಅಷ್ಟು ದೂರ ಬರುವಷ್ಟರಲ್ಲಿ ಅಲೆ ಸೊರಗಿರಬೇಕಿತ್ತು. ಗಟ್ಟಿ ಲಾವಾ ಬಂಡೆಯ ಮೇಲಿದ್ದ ವಿಶ್ವವಿದ್ಯಾಲಯದ ಮಾಪಕದಲ್ಲಿ ಹಾಗೇ ಆಯಿತು, ಗುರುತ್ವದ ನೂರಕ್ಕೆ ಮೂರು ನಾಲ್ಕು ಭಾಗದಷ್ಟು ವೇಗೋತ್ಕರ್ಷ. ನಗರದೊಳಗಿನ, ಬತ್ತಿದ ಹಳೆಯ ಕೆರೆಯಂಗಳದ ಮಾಪಕದಲ್ಲಿ ದಾಖಲಾದದ್ದು ಸುಮಾರು ನೂರಕ್ಕೆ 17. ಅಲ್ಲಿರುವುದು ಹತ್ತಾರು ಮೀಟರ್ ದಪ್ಪದ ಜೇಡಿ. ಅದು ಜ್ವಾಲಾಮುಖಿ ಬೂದಿಯಿಂದ ಆದದ್ದು, ಒಣ ಮಣ್ಣಿನ ತೂಕದ ದುಪ್ಪಟ್ಟಿಗೂ ಮಿಗಿಲಾಗಿ ನೀರು ಹಿಡಿದದ್ದು. ಆ ಜೇಡಿಗೆ ತನ್ನದೇ ಲಯವಿದೆ: ಎರಡು ಸೆಕೆಂಡಿಗೊಂದು ತೂಗು. ಕಟ್ಟಡದ ಲಯವನ್ನು ಅಂತಸ್ತಿಗೆ 0.1 ಸೆಕೆಂಡಿನಂತೆ ಒರಟಾಗಿ ಲೆಕ್ಕ ಹಾಕಬಹುದು. 6ರಿಂದ 15 ಅಂತಸ್ತಿನ ಕಟ್ಟಡ ಬಿರುಕು ಬಿಡುತ್ತ ಸಡಿಲವಾದಂತೆ ಅದರ ಅವಧಿ (ಒಂದು ತೂಗಿನ ಕಾಲ) ಹಿಗ್ಗಿ ನೆಲದ ಲಯಕ್ಕೆ ಹತ್ತಿರ ಬರುತ್ತದೆ. ಉಯ್ಯಾಲೆಯನ್ನು ಅದರ ತೂಗಿಗೆ ಸರಿಯಾಗಿ ಮತ್ತೆ ಮತ್ತೆ ತಳ್ಳಿದಂತೆ ಆ ಎತ್ತರದವು ಕುಸಿದವು; ಹಲವು ಕಡೆ ಅವುಗಳ ಪಕ್ಕದ ಹಳೆಯ ಗಿಡ್ಡ ಮನೆಗಳು ನಿಂತವು.

ಈಗ ಸಮಾಜದ ಕಡೆಗೆ ಬನ್ನಿ. ಕೆರೆ ತಾನಾಗಿ ಬತ್ತಲಿಲ್ಲ. 1521ರಲ್ಲಿ ಸ್ಪೇನಿನವರು ಆ ಕೆರೆಯ ನಡುವೆ ಇದೇ ಜಾಗದಲ್ಲಿದ್ದ ಅಜ್ಟೆಕರ ದ್ವೀಪನಗರ ತೆನೊಚ್ತಿತ್ಲಾನ್ ಅನ್ನು ಗೆದ್ದರು, 1607ರಲ್ಲಿ ನೀರು ಹೊರಹಾಕುವ ದೊಡ್ಡ ಕಾಮಗಾರಿ ತೊಡಗಿದರು. 1629ರಲ್ಲಿ ಬಂದ ನೆರೆ ವರ್ಷಗಟ್ಟಲೆ ಇಳಿಯಲಿಲ್ಲ. ರಾಜಧಾನಿಯನ್ನೇ ಸ್ಥಳಾಂತರಿಸುವ ಮಾತು ಬಂದರೂ ಊರು ಅಲ್ಲೇ ಉಳಿಯಿತು. 1900ರಲ್ಲಿ ಮಹಾ ಕಾಲುವೆ ಉದ್ಘಾಟನೆಯಾಯಿತು. ಆಮೇಲೆ ಅಂತರ್ಜಲ ಎತ್ತಿ ಎತ್ತಿ ನೆಲವೇ ಮೀಟರ್‌ಗಟ್ಟಲೆ ತಗ್ಗಿತು. ಜೇಡಿ ಭೂಮಿಯದು, ಅದರ ಮೇಲೆ ಹತ್ತು ಅಂತಸ್ತು ನಿಂತದ್ದು ಸಾಮ್ರಾಜ್ಯ ಮತ್ತು ಮಾರುಕಟ್ಟೆಯದು. ಕುಸಿದ ಹೊಲಿಗೆ ಕಾರ್ಖಾನೆಗಳಲ್ಲಿ ಸತ್ತ ಹೆಂಗಸರ ಒಡನಾಡಿಗಳು, ಮಾಲೀಕರು ಹೆಣಗಳಿಗಿಂತ ಮೊದಲು ಯಂತ್ರಗಳನ್ನು ಹೊರತೆಗೆಸಿದರೆಂದು ಆರೋಪಿಸಿ, ಸೆಪ್ಟೆಂಬರ್ 19ರ ಹೆಸರಿನಲ್ಲೇ ಕಾರ್ಮಿಕ ಸಂಘ ಕಟ್ಟಿದರು. ಬಾಡಿಗೆದಾರರ ಚಳವಳಿಯ ಒತ್ತಡದ ನಡುವೆ ಸರ್ಕಾರ ಸಾವಿರಾರು ನಿವೇಶನಗಳನ್ನು ವಶಪಡಿಸಿಕೊಂಡು ಅಲ್ಲೇ ಮನೆ ಕಟ್ಟಿಸಿತು.

ಇಷ್ಟಕ್ಕೇ ನಿಲ್ಲಿಸಿದರೆ ಭೂಮಿ ಮತ್ತೆ ಹಿನ್ನೆಲೆಗೆ ಸರಿಯುತ್ತದೆ. ಹಾಗಾಗದಂತೆ ತಡೆಯುವುದು 2017ರ ಕಂಪನ. ಅದೇ ನಗರ, ಅದೇ ಸೆಪ್ಟೆಂಬರ್ 19, ಮ್ಯಾಗ್ನಿಟ್ಯೂಡ್ 7.1, ಕೇಂದ್ರಬಿಂದು ಸುಮಾರು 120 ಕಿ.ಮೀ. ದೂರ, ಕೆಳಗೆ ಜಾರುತ್ತಿರುವ ಭೂಫಲಕದ (ಭೂಮಿಯ ಹೊರಚಿಪ್ಪಿನ ತುಂಡಿನ) ಒಳಗೇ. ಈ ಸಲ ಅಲೆಯ ಬಲವಿದ್ದದ್ದು ಒಂದು ಸೆಕೆಂಡಿನ ಆಸುಪಾಸಿನ ಅವಧಿಯಲ್ಲಿ. ಹೆಚ್ಚು ಪೆಟ್ಟು ತಿಂದದ್ದು 4ರಿಂದ 7 ಅಂತಸ್ತಿನವು, ಅದೂ ಜೇಡಿ ತೆಳುವಾಗಿರುವ ಕೆರೆಯ ಪಶ್ಚಿಮದ ಅಂಚಿನಲ್ಲಿ. ವರ್ಗ, ಭ್ರಷ್ಟಾಚಾರ, ನಿಯಮಪಾಲನೆಯಷ್ಟನ್ನೇ ಬಲ್ಲವರು ಎರಡೂ ಸಲ ಯಾವ ಬಡಾವಣೆ, ಯಾವ ಎತ್ತರ ಎಂದು ಹೇಳಲಾರರು. ಅಲೆಯನ್ನಷ್ಟೇ ಬಲ್ಲವರು ಒಂದೇ ಎತ್ತರದ ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿ ಒಂದೇ ಯಾಕೆ ಬಿತ್ತೆಂದು ಹೇಳಲಾರರು. ನನ್ನ ಮಟ್ಟಿಗೆ ಸಮಾಜ ಸಿದ್ಧಾಂತದ ಕೆಲಸ ಶುರುವಾಗುವುದೇ ಈ ಎರಡು ‘ಹೇಳಲಾರರು’ಗಳ ನಡುವೆ.

ಆಮೇಲಿನ ಹೆಜ್ಜೆ ಕಾಲದ ಹಾಳೆ. ಪ್ರತಿ ಪ್ರಕ್ರಿಯೆಗೆ ಒಂದು ಸಾಲು, ಮೂರು ಕಲಮು: ಎಷ್ಟು ಕಾಲದ್ದು, ಯಾರ ಕೈಯಲ್ಲಿತ್ತು, ಅದನ್ನು ತೆಗೆದರೆ ಏನು ಉಳಿಯುತ್ತದೆ. ಮೆಕ್ಸಿಕೊಗೆ ಬರೆದರೆ, ಕೊಕೊಸ್ ಫಲಕದ ಜಾರುವಿಕೆ ವರ್ಷಕ್ಕೆ 5–7 ಸೆಂ.ಮೀ., ಲಕ್ಷೋಪಲಕ್ಷ ವರ್ಷಗಳಿಂದ. ಜೇಡಿ ಸಾವಿರಾರು ವರ್ಷಗಳದ್ದು. ನೀರು ಹೊರಹಾಕಿದ್ದು ಮುನ್ನೂರು ವರ್ಷ. ಕಟ್ಟಡಗಳು ಕೆಲವು ದಶಕ. ಅಲುಗಾಟ ನಿಮಿಷಗಳ ಲೆಕ್ಕ. ಸಂಘ ಕಟ್ಟಿದ್ದು ವಾರಗಳಲ್ಲಿ. ಮೊದಲ ಸಾಲಿನ ಎರಡನೇ ಕಲಮಿನಲ್ಲಿ ‘ಯಾರೂ ಅಲ್ಲ’ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. ಭೂಮಿಯಿಲ್ಲದೆ ನಾವಿಲ್ಲ, ನಾವಿಲ್ಲದೆಯೂ ಭೂಮಿ ಇರುತ್ತದೆ. ಈ ಅಸಮತೆಯನ್ನು ಸಮಾಜ ಚಿಂತಕ ನೈಜೆಲ್ ಕ್ಲಾರ್ಕ್ ಸಮಾಜಶಾಸ್ತ್ರದ ಮುಂದೆ ಒತ್ತಿ ಇಟ್ಟಿದ್ದಾರೆ. ಆ ಕಲಮನ್ನು ಖಾಲಿ ಬಿಟ್ಟ ಬರಹದಲ್ಲಿ ಎಲ್ಲವೂ ಯಾರದೋ ತಪ್ಪಾಗಿ ಕಾಣತೊಡಗುತ್ತದೆ, ನಿಜವಾದ ತಪ್ಪಿತಸ್ಥರು ಆ ಗುಂಪಿನಲ್ಲಿ ಕರಗಿಹೋಗುತ್ತಾರೆ.

ಕಾಲದ ವಿಷಯದಲ್ಲೇ ಇನ್ನೊಂದು ಜಾರುವ ಜಾಗವಿದೆ. ಕಟ್ಟಡ ನಿಯಮಗಳಲ್ಲಿ ಬರುವ ‘475 ವರ್ಷಕ್ಕೊಮ್ಮೆಯ ಕಂಪನ’ ಎಂದರೆ ಕಳೆದ ಸಲದಿಂದ 475 ವರ್ಷ ನಿಶ್ಚಿಂತೆ ಎಂದಲ್ಲ. 50 ವರ್ಷದಲ್ಲಿ ಆ ಮಟ್ಟವನ್ನು ಮೀರುವ ಸಾಧ್ಯತೆ ನೂರಕ್ಕೆ ಹತ್ತು ಎಂದು. ಐವತ್ತು ವರ್ಷ ಎಂಬುದು ಕಟ್ಟಡದ ಆಯಸ್ಸಿನ ಅಂದಾಜು, ಹತ್ತು ಎಂಬುದು ಸಮಾಜ ಒಪ್ಪಿಕೊಂಡ ಅಪಾಯ. ಸಂಖ್ಯೆಯೊಳಗೇ ರಾಜಕೀಯ ಕೂತಿದೆ. ಯಾರ ಪರವಾಗಿ ಯಾರು ಒಪ್ಪಿಕೊಂಡರು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮನುಷ್ಯನ ಕೆಲಸವೇ ನೆಲವನ್ನು ಅಲುಗಿಸಿದ ಪ್ರಕರಣಗಳಲ್ಲಿ ಅದು ಹೇಗೆ ಅಲುಗಿತೆಂಬುದನ್ನು ಬರೆಯದೆ ಹೊಣೆಯನ್ನು ಬರೆಯಬಾರದು. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಸುಮಾರು ಮೂರು ಕಿ.ಮೀ. ಆಳದ ಮರಳುಗಲ್ಲಿನಿಂದ ಅನಿಲ ತೆಗೆದಂತೆ ಕಲ್ಲು ಕುಗ್ಗಿತು, ಹಳೆಯ ಸ್ತರಭಂಗಗಳು ಜಾರಿದವು. 2012ರಲ್ಲಿ ಬರೀ 3.6ರ ಕಂಪನ ಸಾವಿರಾರು ಮನೆಗಳಿಗೆ ಪೆಟ್ಟು ಕೊಟ್ಟದ್ದು ಅದು ಮೇಲುಮಟ್ಟದಲ್ಲಿ, ಮೆತ್ತನೆಯ ನೆಲದಡಿ ಆದ್ದರಿಂದ. 2023ರ ಅಕ್ಟೋಬರ್‌ನಲ್ಲಿ ಉತ್ಪಾದನೆ ನಿಂತಿತು. ಮಹಾರಾಷ್ಟ್ರದ ಕೊಯ್ನಾದ 1967ರ ಭೂಕಂಪ ಬೇರೆ ಬಗೆ: ಒತ್ತಡ ಭೂಮಿಯೇ ಕೂಡಿಟ್ಟದ್ದು, ಜಲಾಶಯದ ನೀರು ಅದನ್ನು ಸಡಿಲಿಸಿತು. ಒತ್ತಡ ಎಲ್ಲಿಂದ ಬಂತು, ಬಿಡುಗಡೆಗೆ ಏನು ಕಾರಣ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. ಎರಡನ್ನೂ ಬೆರೆಸಿದರೆ ಪರಿಹಾರದ ಹೋರಾಟದಲ್ಲಿ ಎದುರುಪಕ್ಷದ ವಕೀಲರು ಆ ಬಿರುಕಿನಲ್ಲೇ ನುಸುಳುತ್ತಾರೆ.

ಆಂತ್ರೊಪೊಸೀನ್, ಅಂದರೆ ಮನುಷ್ಯರೇ ಭೂಮಿಯನ್ನು ಬದಲಿಸುತ್ತಿರುವ ಯುಗ ಎಂಬ ಕಲ್ಪನೆಯ ಬಗ್ಗೆ ಚಿಕ್ಕದಾಗಿ. 2000ದಲ್ಲಿ ವಿಜ್ಞಾನಿಗಳಾದ ಕ್ರುಟ್ಸೆನ್ ಮತ್ತು ಸ್ಟೋರ್ಮರ್ ಮುಂದಿಟ್ಟ ಈ ಹೆಸರನ್ನು ಅಧಿಕೃತ ಭೂಕಾಲಘಟ್ಟವಾಗಿಸುವ ಪ್ರಸ್ತಾವ 2024ರ ಮಾರ್ಚ್‌ನಲ್ಲಿ ಮತಕ್ಕೆ ಬಿದ್ದು ಸೋತಿತು. ಸ್ತರಶಾಸ್ತ್ರಜ್ಞರು, ಅಂದರೆ ಬಂಡೆಪದರಗಳನ್ನು ಓದಿ ಕಾಲ ಗುರುತಿಸುವವರು, ಕೇಳಿದ್ದು ಗಡಿ ಎಲ್ಲಿ ಎಂದು. ನಮ್ಮ ಪ್ರಶ್ನೆ ಯಾರು ಎಂದು. ಹಾಗಾಗಿ ಆ ಸೋಲು ನಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ, ಆದರೆ ‘ನಾವು ಈಗ ಆ ಯುಗದಲ್ಲಿದ್ದೇವೆಂದು ವಿಜ್ಞಾನ ತೀರ್ಮಾನಿಸಿದೆ’ ಎಂಬ ವಾಕ್ಯವನ್ನು ಕರಡಿನಿಂದ ಕಿತ್ತುಹಾಕಬೇಕು. ‘ಮಾನವಕುಲ’ ಕರ್ತೃವಾಗಿರುವ ಪ್ರತಿ ವಾಕ್ಯದಲ್ಲೂ ನಿಲ್ಲುತ್ತೇನೆ. ಅಲ್ಲಿ ಗಣಿ ಮಾಲೀಕರು, ವಸಾಹತು ಆಡಳಿತ, ಹತ್ತಿ ಗಿರಣಿಗಳು ಎಂದು ನಿರ್ದಿಷ್ಟವಾಗಿ ಬರೆಯಲು ಬಂದರೆ ಹಾಗೇ ಬರೆಯುತ್ತೇನೆ. ವಾತಾವರಣ ಸೇರಿದ ಇಂಗಾಲದ ಕಣಕ್ಕೆ ಹೊರಸೂಸಿದವರ ಗುರುತಿಲ್ಲ ಎಂಬಂಥ ಕಡೆ ಮಾತ್ರ ಆ ದೊಡ್ಡ ಪದ ಉಳಿಯುತ್ತದೆ.

ಕರಡು ಮುಗಿದ ಮೇಲೆ ಒಬ್ಬ ಭೂಕಂಪಶಾಸ್ತ್ರಜ್ಞರಿಗೂ ಒಬ್ಬ ರಚನಾ ಎಂಜಿನಿಯರಿಗೂ ಭೂವಿಜ್ಞಾನದ ಪುಟಗಳನ್ನಷ್ಟೇ ಕಳಿಸುವುದು ಸಾಲದು, ತೀರ್ಮಾನದ ಪುಟಗಳನ್ನೂ ಕಳಿಸಬೇಕು. ‘ಸರಿಯಿದೆಯೇ’ ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ. ‘ಅಲೆಯ ಅವಧಿ ಬೇರೆಯಿದ್ದಿದ್ದರೆ, ಆಳ ಬೇರೆಯಿದ್ದಿದ್ದರೆ ನನ್ನ ಯಾವ ವಾಕ್ಯ ಬೀಳುತ್ತದೆ’ ಎಂದು ಕೇಳಿ. ಬೀಳುವ ವಾಕ್ಯಗಳಿಗೆ ಷರತ್ತನ್ನು ಅದೇ ವಾಕ್ಯದಲ್ಲಿ ಸೇರಿಸಿ. ಸಾವಿನ ಸಂಖ್ಯೆಗಳಿಗೂ ಇದೇ ಶಿಸ್ತು. 1985ರ ಮೆಕ್ಸಿಕೊ, 2010ರ ಹೈಟಿ ಎರಡರಲ್ಲೂ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದನ್ನು ಆರಿಸಿಕೊಳ್ಳದೆ ವ್ಯಾಪ್ತಿಯನ್ನು ಕೊಟ್ಟು, ಯಾವ ತುದಿಯನ್ನು ಯಾರು ಎಣಿಸಿದರು, ಯಾಕೆ ಎಣಿಸಿದರು ಎಂಬುದನ್ನು ಮುಖ್ಯ ಪಠ್ಯದಲ್ಲೇ ಬರೆಯಿರಿ.