ಡಿಬಗ್ ಮಾಡುವಾಗ ಫೈಲ್ ಸಿಗುತ್ತಿಲ್ವಾ? ವರ್ಕಿಂಗ್ ಡೈರೆಕ್ಟರಿಯನ್ನು ಸಿಮೇಕ್‌ನಲ್ಲೇ ಬರೆದಿಡಿ

ಸಿಮೇಕ್ (ಪ್ರಾಜೆಕ್ಟ್ ಫೈಲುಗಳನ್ನು ತಾನೇ ಬರೆದುಕೊಡುವ ಬಿಲ್ಡ್ ಸಾಧನ) ಬಳಸಿ ಕಟ್ಟಿದ ಸಿ++ ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತದೆ. ಅದನ್ನೇ ವಿಷುಯಲ್ ಸ್ಟುಡಿಯೋದಲ್ಲಿ ತೆರೆದು ಎಫ್5 ಒತ್ತಿದರೆ ‘ಫೈಲ್ ತೆರೆಯಲು ಆಗಲಿಲ್ಲ’ ಅಂತ ನಿಂತುಬಿಡುತ್ತದೆ. ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಫೈಲ್ ಕೂಡ ಇದ್ದ ಜಾಗದಲ್ಲೇ ಇದೆ. ಇಂಥ ಹೊತ್ತಿನಲ್ಲಿ ಫೈಲ್ ಓದುವ ಫಂಕ್ಷನ್ ಒಳಗೆ ಬ್ರೇಕ್‌ಪಾಯಿಂಟ್ ಹಾಕಿಕೊಂಡು ಕೂರಬೇಡಿ. ನಾನು ಹಾಗೆ ಕೂತು ಅರ್ಧ ದಿನ ಕಳೆದಿದ್ದೇನೆ, ತಪ್ಪು ಅಲ್ಲಿ ಇರಲೇ ಇಲ್ಲ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಮೇನ್ ಫಂಕ್ಷನ್‌ನ ಮೊದಲ ಸಾಲಿನಲ್ಲೇ, ಪ್ರೋಗ್ರಾಂ ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದೆ ಅಂತ ಪ್ರಿಂಟ್ ಮಾಡಿಸಿ. ಸಿ++17 ಅಥವಾ ಅದಕ್ಕಿಂತ ಹೊಸದಾದರೆ ಫೈಲ್‌ಸಿಸ್ಟಮ್ ಲೈಬ್ರರಿಯ ಕರೆಂಟ್_ಪಾತ್ ಫಂಕ್ಷನ್ ಸಾಕು. ಪ್ರಾಜೆಕ್ಟ್ ‘ಸಿ:\ಕೆಲಸ\ನಕ್ಷೆ’ ಫೋಲ್ಡರ್‌ನಲ್ಲಿದೆ ಅಂದುಕೊಳ್ಳಿ. ಕೋಡ್ ಕೇಳುತ್ತಿರುವುದು ‘ಡೇಟಾ\ಬಣ್ಣಗಳು.ಜೆಸನ್’ ಎಂಬ ಫೈಲನ್ನು. ಟರ್ಮಿನಲ್‌ನಿಂದ ಓಡಿಸಿದಾಗ ‘ಸಿ:\ಕೆಲಸ\ನಕ್ಷೆ’ ಅಂತ ಬರುತ್ತದೆ. ಎಫ್5 ಒತ್ತಿದಾಗ ‘ಸಿ:\ಕೆಲಸ\ನಕ್ಷೆ\ಬಿಲ್ಡ್’ ಅಂತ ಬರುತ್ತದೆ. ಬಿಲ್ಡ್ ಒಳಗೆ ಡೇಟಾ ಅನ್ನೋ ಫೋಲ್ಡರೇ ಇಲ್ಲ, ಅಲ್ವಾ? ಇನ್ನು ಫೈಲ್ ಎಲ್ಲಿಂದ ಸಿಗಬೇಕು.

ಹೀಗೆ ‘ಸಿ:\’ ಇಲ್ಲದ ಅರ್ಧ ದಾರಿ, ಅಂದರೆ ರಿಲೇಟಿವ್ ಪಾತ್ ಕೊಟ್ಟಾಗ ಆಪರೇಟಿಂಗ್ ಸಿಸ್ಟಮ್ ಲೆಕ್ಕ ಶುರು ಮಾಡುವುದು ವರ್ಕಿಂಗ್ ಡೈರೆಕ್ಟರಿಯಿಂದ, ಅಂದರೆ ಪ್ರೋಗ್ರಾಂ ಆಗ ನಿಂತಿರುವ ಫೋಲ್ಡರ್‌ನಿಂದ. ಸೋರ್ಸ್ ಫೈಲ್ ಎಲ್ಲಿದೆ, ಇಎಕ್ಸ್‌ಇ ಎಲ್ಲಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ಟರ್ಮಿನಲ್‌ನಲ್ಲಾದರೆ ನೀವು ನಿಂತಿರುವ ಫೋಲ್ಡರೇ ವರ್ಕಿಂಗ್ ಡೈರೆಕ್ಟರಿ. ವಿಷುಯಲ್ ಸ್ಟುಡಿಯೋ ಮಾತ್ರ, ನೀವು ಏನೂ ಹೇಳದಿದ್ದರೆ, ಪ್ರಾಜೆಕ್ಟ್ ಫೈಲ್ ಇರುವ ಫೋಲ್ಡರನ್ನು ಹಿಡಿಯುತ್ತದೆ. ಸಿಮೇಕ್ ಆ ಪ್ರಾಜೆಕ್ಟ್ ಫೈಲನ್ನು ಬರೆಯುವುದೇ ಬಿಲ್ಡ್ ಫೋಲ್ಡರ್ ಒಳಗೆ. ತೊಂದರೆ ಇಷ್ಟೇ.

ಪ್ರಾಜೆಕ್ಟ್ ಪ್ರಾಪರ್ಟೀಸ್‌ಗೆ ಹೋಗಿ, ಡಿಬಗಿಂಗ್ ಪುಟದಲ್ಲಿ ವರ್ಕಿಂಗ್ ಡೈರೆಕ್ಟರಿ ಬದಲಿಸಿದರೆ ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ಬರೆದದ್ದು ಉಳಿಯುವುದು ಹೆಸರಿನ ಕೊನೆಯಲ್ಲಿ ‘.ಯೂಸರ್’ ಅಂತಿರುವ ಒಂದು ಫೈಲ್‌ನಲ್ಲಿ, ಅದೂ ಬಿಲ್ಡ್ ಫೋಲ್ಡರ್‌ನಲ್ಲೇ ಇರುತ್ತದೆ. ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಕಟ್ಟಿದ ದಿನ ಅದೂ ಹೋಯಿತು. ಜೊತೆಗೆ ಕೆಲಸ ಮಾಡುವವರ ಯಂತ್ರಕ್ಕೆ ಅದು ಹೋಗುವುದೂ ಇಲ್ಲ, ಹಾಗಾಗಿ ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಇದೇ ತಪ್ಪನ್ನು ಮೊದಲಿಂದ ಹುಡುಕುತ್ತಾ ಕೂರಬೇಕು.

ಆದ್ದರಿಂದ ಇದನ್ನು ಸಿಮೇಕ್‌ಗೆ ಸೂಚನೆ ಕೊಡುವ ಸಿಮೇಕ್‌ಲಿಸ್ಟ್ಸ್ ಫೈಲ್‌ನಲ್ಲೇ ಬರೆಯಿರಿ. ಸಿಮೇಕ್ ಕಟ್ಟುವ ಪ್ರತಿಯೊಂದು ಪ್ರೋಗ್ರಾಂ ಅಥವಾ ಲೈಬ್ರರಿಗೆ ಟಾರ್ಗೆಟ್ ಅನ್ನುತ್ತಾರೆ, ಅದರ ಸೆಟ್ಟಿಂಗ್‌ಗೆ ಪ್ರಾಪರ್ಟಿ. ಬೇಕಾದ ಟಾರ್ಗೆಟ್ ಪ್ರಾಪರ್ಟಿಯ ಹೆಸರು ವಿಎಸ್_ಡಿಬಗರ್_ವರ್ಕಿಂಗ್_ಡೈರೆಕ್ಟರಿ. ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ಸಿಮೇಕ್ 3.8ರಿಂದ ಇದು ಇದೆ. ಆ್ಯಡ್_ಎಕ್ಸಿಕ್ಯೂಟಬಲ್ ಸಾಲಿನ ಕೆಳಗೆ ಸೆಟ್_ಟಾರ್ಗೆಟ್_ಪ್ರಾಪರ್ಟೀಸ್ ಕಮಾಂಡ್ ಬರೆಯಿರಿ. ಬ್ರಾಕೆಟ್ ಒಳಗೆ ಮೊದಲು ಟಾರ್ಗೆಟ್ ಹೆಸರು, ಆಮೇಲೆ ಪ್ರಾಪರ್ಟೀಸ್ ಅನ್ನೋ ಪದ, ಆಮೇಲೆ ಈ ಪ್ರಾಪರ್ಟಿಯ ಹೆಸರು, ಕೊನೆಗೆ ಫೋಲ್ಡರ್‌ನ ಪಾತ್. ಪಾತ್ ಸುತ್ತ ಡಬಲ್ ಕೋಟ್ ಹಾಕಿ. ಈ ಸಾಲು ಆ್ಯಡ್_ಎಕ್ಸಿಕ್ಯೂಟಬಲ್‌ಗಿಂತ ಮೇಲೆ ಬಂದರೆ, ಅಂಥ ಟಾರ್ಗೆಟ್ ಇಲ್ಲ ಅಂತ ಸಿಮೇಕ್ ಎರರ್ ಕೊಡುತ್ತದೆ.

ಪಾತ್ ಏನು ಕೊಡಬೇಕು ಅನ್ನುವಲ್ಲಿ ಸ್ವಲ್ಪ ಯೋಚಿಸಿ. ಜಾಸ್ತಿ ಜನ ಸುಮ್ನೆ ಸಿಮೇಕ್_ಸೋರ್ಸ್_ಡಿಐಆರ್ ಬರೆದುಬಿಡುತ್ತಾರೆ. ಅದು ಎಲ್ಲಕ್ಕಿಂತ ಹೊರಗಿನ ಪ್ರಾಜೆಕ್ಟಿನ ಫೋಲ್ಡರ್. ನಾಳೆ ನಿಮ್ಮ ಪ್ರಾಜೆಕ್ಟನ್ನು ಇನ್ನೊಂದರೊಳಗೆ ಸೇರಿಸಿದರೆ ಅದು ಆ ಇನ್ನೊಂದರ ಫೋಲ್ಡರನ್ನು ತೋರಿಸುತ್ತದೆ. ಪ್ರಾಜೆಕ್ಟ್_ಸೋರ್ಸ್_ಡಿಐಆರ್ ಅಥವಾ ಸಿಮೇಕ್_ಕರೆಂಟ್_ಸೋರ್ಸ್_ಡಿಐಆರ್ ಬಳಸಿದರೆ ಈ ತಾಪತ್ರಯ ಇಲ್ಲ. ಡೇಟಾ ಫೈಲುಗಳನ್ನು ಬಿಲ್ಡ್ ಆದ ಮೇಲೆ ಇಎಕ್ಸ್‌ಇ ಪಕ್ಕಕ್ಕೆ ಕಾಪಿ ಮಾಡುವ ಪದ್ಧತಿ ನಿಮ್ಮದಾದರೆ, ಟಾರ್ಗೆಟ್_ಫೈಲ್_ಡಿಐಆರ್ ಎಂಬ ಜನರೇಟರ್ ಎಕ್ಸ್‌ಪ್ರೆಶನ್ (ಪ್ರಾಜೆಕ್ಟ್ ಫೈಲ್ ಬರೆಯುವಾಗ ಸಿಮೇಕ್ ಬೆಲೆ ತುಂಬುವ ಬರಹ) ಕೊಡಿ. ಡಿಬಗ್‌ಗೆ ಡಿಬಗ್ ಫೋಲ್ಡರ್, ರಿಲೀಸ್‌ಗೆ ರಿಲೀಸ್ ಫೋಲ್ಡರ್ ತಾನಾಗೇ ಬರುತ್ತದೆ.

ಇಷ್ಟೆಲ್ಲ ಬರೆದು ಸಿಮೇಕ್ ಮತ್ತೆ ಓಡಿಸಿದರೂ ಹಳೇ ಫೋಲ್ಡರೇ ಬರುತ್ತಿದೆಯಾ? ಹಾಗಾದರೆ ಆ ‘.ಯೂಸರ್’ ಫೈಲನ್ನು ನೋಡಿ. ಹಿಂದೆ ಯಾವಾಗಲೋ ಡಿಬಗಿಂಗ್ ಪುಟದಲ್ಲಿ ಕೈಯಿಂದ ಬರೆದ ಪಾತ್ ಅದರಲ್ಲಿ ಕೂತಿದ್ದರೆ ಅದರದ್ದೇ ಮಾತು ನಡೆಯುತ್ತದೆ, ಸಿಮೇಕ್ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಲೋಕಲ್‌ಡಿಬಗರ್‌ವರ್ಕಿಂಗ್‌ಡೈರೆಕ್ಟರಿ ಅನ್ನೋ ಸಾಲನ್ನು ಅಳಿಸಿ, ಸಲ್ಯೂಷನ್ ಮತ್ತೆ ತೆರೆಯಿರಿ. ಕರೆಂಟ್_ಪಾತ್ ಪ್ರಿಂಟ್ ಈಗ ಸರಿ ಬರಬೇಕು.

ಹತ್ತಾರು ಟಾರ್ಗೆಟ್ ಇದ್ದರೆ ಪ್ರತಿಯೊಂದಕ್ಕೂ ಬರೆಯುವ ಅಗತ್ಯ ಇಲ್ಲ. ಸಿಮೇಕ್ 3.27ರಿಂದ, ಇದೇ ಹೆಸರಿನ ಮುಂದೆ ಸಿಮೇಕ್_ ಸೇರಿಸಿದ ವೇರಿಯಬಲ್ ಒಂದಿದೆ. ಅದನ್ನು ಮೇಲೆ ಒಂದೇ ಸಲ ಸೆಟ್ ಮಾಡಿದರೆ ಅದರ ಕೆಳಗೆ ಹುಟ್ಟುವ ಟಾರ್ಗೆಟ್‌ಗಳೆಲ್ಲ ಅದನ್ನೇ ತೆಗೆದುಕೊಳ್ಳುತ್ತವೆ.

ಹೆಸರಿನಲ್ಲೇ ವಿಎಸ್ ಇದೆ, ಹಾಗಾಗಿ ಇದು ವಿಷುಯಲ್ ಸ್ಟುಡಿಯೋ ಜನರೇಟರ್‌ಗೆ, ಅಂದರೆ ಸಿಮೇಕ್ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟ್ ಫೈಲು ಬರೆಯುವಾಗ ಮಾತ್ರ. ನಿಂಜಾ ಅಥವಾ ಮೇಕ್ ಎಂಬ ಬೇರೆ ಬಿಲ್ಡ್ ಸಾಧನ ಬಳಸಿದರೆ ಇದರಿಂದ ಏನೂ ಆಗುವುದಿಲ್ಲ. ಆ್ಯಪಲ್‌ನ ಎಕ್ಸ್‌ಕೋಡ್‌ಗೆ ಸಿಮೇಕ್ 3.17ರಿಂದ ಎಕ್ಸ್‌ಕೋಡ್_ಸ್ಕೀಮ್_ವರ್ಕಿಂಗ್_ಡೈರೆಕ್ಟರಿ ಇದೆ, ಸ್ಕೀಮ್ (ಎಕ್ಸ್‌ಕೋಡ್‌ನಲ್ಲಿ ಪ್ರೋಗ್ರಾಂ ಓಡಿಸುವ ಸೆಟ್ಟಿಂಗ್‌ಗಳು) ತಯಾರಿಸುವ ಪ್ರಾಪರ್ಟಿಯನ್ನೂ ಆನ್ ಮಾಡಿರಬೇಕು. ಸಿಮೇಕ್ 4.0ರಲ್ಲಿ ವಿಎಸ್ ಇಲ್ಲದ ಡಿಬಗರ್_ವರ್ಕಿಂಗ್_ಡೈರೆಕ್ಟರಿ ಎಂಬ ಪ್ರಾಪರ್ಟಿಯೇ ಬಂದಿದೆ. ವಿಎಸ್ ಕೋಡ್‌ನಲ್ಲಿ ಡಿಬಗ್ ಮಾಡುವವರು ಲಾಂಚ್.ಜೆಸನ್ ಫೈಲ್‌ನಲ್ಲಿ ಸಿಡಬ್ಲ್ಯೂಡಿ ಎಂಬ ಸಾಲಿಗೆ ಫೋಲ್ಡರ್ ಕೊಡಬೇಕು. ಟರ್ಮಿನಲ್‌ನಲ್ಲಿ ಓಡುವ ಡಿಬಗರ್ ಜಿಡಿಬಿ ಬರೀ ಬಳಸಿದರೆ, ರನ್ ಕೊಡುವ ಮೊದಲು ‘ಸೆಟ್ ಸಿಡಬ್ಲ್ಯೂಡಿ’ ಅಂತ ಬರೆದು ಮುಂದೆ ಪಾತ್ ಹಾಕಿ.

ಟೆಸ್ಟ್‌ಗಳದ್ದು ಬೇರೆಯೇ ದಾರಿ. ಸಿಮೇಕ್ ಜೊತೆ ಬರುವ, ಟೆಸ್ಟ್ ಓಡಿಸುವ ಸಾಧನವಾದ ಸಿಟೆಸ್ಟ್ ಈ ಡಿಬಗರ್ ಪ್ರಾಪರ್ಟಿಯನ್ನು ನೋಡುವುದೇ ಇಲ್ಲ, ಆ್ಯಡ್_ಟೆಸ್ಟ್ ಕಮಾಂಡ್‌ನಲ್ಲಿ ವರ್ಕಿಂಗ್_ಡೈರೆಕ್ಟರಿ ಅಂತ ಬೇರೆಯಾಗಿ ಕೊಡಬೇಕು. ಡಿಬಗ್‌ನಲ್ಲಿ ಪಾಸಾದ ಟೆಸ್ಟ್ ಸಿಟೆಸ್ಟ್‌ನಲ್ಲಿ ಬಿದ್ದರೆ ಮೊದಲು ಇಲ್ಲಿ ನೋಡಿ.

ಇನ್ನೊಂದು ಮಾತು. ಇದೆಲ್ಲ ನಿಮ್ಮ ಡಿಬಗ್ ಸೆಷನ್‌ಗೆ ಮಾತ್ರ. ಪ್ರೋಗ್ರಾಂ ಬಳಸುವವರು ಅದನ್ನು ಯಾವ ಫೋಲ್ಡರ್‌ನಿಂದ ಓಡಿಸುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬೇರೆಯವರಿಗೆ ಕೊಡುವ ಪ್ರೋಗ್ರಾಂ ಆದರೆ ಇಎಕ್ಸ್‌ಇ ಇರುವ ಜಾಗವನ್ನು ಕೋಡ್‌ನಲ್ಲೇ ಕಂಡುಹಿಡಿದು, ಡೇಟಾ ಫೋಲ್ಡರ್‌ನ ದಾರಿಯನ್ನು ಅಲ್ಲಿಂದ ಕಟ್ಟಿಕೊಳ್ಳಿ.